ಕೊಳ್ಳುವ ಸೇರು, ಕೊಡುವ ಸೇರು

ನಮ್ಮ ತಾತ ವಾರದ ಸಂತೆಗೆ ಹೊರಟರೆ ಚೀಲದ ತಳದಲ್ಲಿ ಮನೆಯ ಹಿತ್ತಾಳೆ ಸೇರನ್ನು ಇಟ್ಟುಕೊಂಡೇ ಹೋಗುತ್ತಿದ್ದರು. ಕೆಲವು ವ್ಯಾಪಾರಿಗಳು ರೈತನಿಂದ ರಾಗಿ ಕೊಳ್ಳುವಾಗ ಒಂದು ಸೇರಿನಲ್ಲಿ ಅಳೆದು, ಅದೇ ರಾಗಿಯನ್ನು ಮಾರುವಾಗ ಇನ್ನೊಂದು ಸೇರನ್ನು ಹೊರತೆಗೆಯುತ್ತಾರೆಂಬುದು ಅವರು ಕಂಡುಕೊಂಡಿದ್ದ ಸತ್ಯ. ಅದಕ್ಕಾಗಿ ಅವರು ಯಾರೊಂದಿಗೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ತಮ್ಮ ಸೇರನ್ನು ವ್ಯಾಪಾರಿಯ ಮುಂದಿಟ್ಟು, "ಇದರಲ್ಲಿ ಅಳಿಯಪ್ಪ" ಎನ್ನುತ್ತಿದ್ದರು. ಡಲ್ಲಾಸ್ ನಗರದ ಹೊರವಲಯದ ಊರೊಂದರಲ್ಲಿ ಹನ್ನೊಂದು ವರ್ಷದಿಂದ ಎಚ್‌-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಬದುಕುತ್ತಿರುವ ನನಗೆ, ಅಮೆರಿಕದ ರಾಜಕಾರಣಿಗಳು ಬಂದೂಕಿನ ಬಗ್ಗೆ ಮತ್ತು ವಲಸೆಯ ಬಗ್ಗೆ ಆಡುವ ಮಾತುಗಳನ್ನು ಕೇಳಿದಾಗಲೆಲ್ಲ ಆ ಸೇರು ನೆನಪಾಗುತ್ತದೆ. ಈ ಎರಡು ವಿಷಯಗಳಲ್ಲಿ ಅವರ ನಿಲುವು ಏನೇ ಇರಲಿ, ಅದನ್ನು ನಾನು ಗೌರವದಿಂದಲೇ ಕೇಳಬಲ್ಲೆ. ಒಂದು ವಿಷಯದಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ಅವರ ಕೈಯಲ್ಲಿನ ಅಳತೆಯೇ ಬದಲಾಗಿಬಿಡುತ್ತದೆ ಎಂಬುದು ನನ್ನನ್ನು ನೋಯಿಸುವ ಸಂಗತಿ.

2025ರ ಸೆಪ್ಟೆಂಬರ್ 10ರಂದು ಡಲ್ಲಾಸಿನ ಮೋಟೆಲ್ ಒಂದರಲ್ಲಿ ಮ್ಯಾನೇಜರ್ ಆಗಿದ್ದ ಕರ್ನಾಟಕ ಮೂಲದ ವ್ಯಕ್ತಿಯೊಬ್ಬರನ್ನು, ಕೆಟ್ಟುಹೋಗಿದ್ದ ವಾಷಿಂಗ್ ಮೆಷಿನ್ ಕುರಿತ ಮಾತಿನ ಕಾರಣಕ್ಕೆ, ಅಲ್ಲೇ ಕೆಲಸ ಮಾಡುತ್ತಿದ್ದವನೊಬ್ಬ ಅವರ ಹೆಂಡತಿ ಮತ್ತು ಮಗನ ಕಣ್ಣೆದುರೇ ಮಚ್ಚಿನಿಂದ ಕೊಂದ. ಕೊಂದವನು ಕ್ಯೂಬಾದವನು, ಹಳೆಯ ಅಪರಾಧಗಳಿದ್ದವನು, ಕ್ಯೂಬಾ ಅವನನ್ನು ವಾಪಸು ತೆಗೆದುಕೊಳ್ಳಲು ಒಪ್ಪದ ಕಾರಣ ಆ ವರ್ಷದ ಜನವರಿಯಲ್ಲಿ ವಲಸೆ ಇಲಾಖೆಯ ಬಂಧನದಿಂದ ಬಿಡುಗಡೆಯಾಗಿ ಹೊರಗಿದ್ದವನು. ಆ ವಾರ ನಮ್ಮ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಅಧ್ಯಕ್ಷ ಟ್ರಂಪ್ ಅವರೇ ಈ ಸಾವನ್ನು ಪ್ರಸ್ತಾಪಿಸಿ, ಅಕ್ರಮ ವಲಸಿಗ ಅಪರಾಧಿಗಳ ವಿಷಯದಲ್ಲಿ ಮೃದುವಾಗಿರುವ ಕಾಲ ಮುಗಿಯಿತೆಂದು ಬರೆದರು. ಅಂಥ ಮನುಷ್ಯ ಹೊರಗೆ ಓಡಾಡಿಕೊಂಡಿದ್ದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಒಬ್ಬ ಕೊಲೆಗಾರನ ಹಿಂದೆ ಯಾವ ಕಾನೂನು ಸೋತಿತು ಎಂದು ಆ ವಾರವೇ ಕೇಳುವುದು ಸರಿ ಎಂದೇ ನಾನೂ ನಂಬಿದ್ದೇನೆ.

ಆದರೆ ನನಗೆ 2017ರ ಫೆಬ್ರವರಿ 22 ಮರೆತಿಲ್ಲ. ಕಾನ್ಸಾಸ್ ರಾಜ್ಯದ ಒಲೇತ ಎಂಬ ಊರಿನ ಬಾರ್ ಒಂದರಲ್ಲಿ ಕೆಲಸ ಮುಗಿಸಿ ಕುಳಿತಿದ್ದ ಇಬ್ಬರು ತೆಲುಗು ಎಂಜಿನಿಯರುಗಳ ಹತ್ತಿರ ಒಬ್ಬ ಬಿಳಿಯ ಅಮೆರಿಕನ್ ಬಂದು, ನೀವು ಯಾವ ವೀಸಾದ ಮೇಲೆ ಇದ್ದೀರಿ, ಇಲ್ಲಿ ಅಕ್ರಮವಾಗಿ ಇದ್ದೀರಾ ಎಂದು ಕೇಳಿದ. ಅವನನ್ನು ಹೊರಗೆ ಕಳಿಸಲಾಯಿತು. ಸ್ವಲ್ಪ ಹೊತ್ತಿಗೆ ಪಿಸ್ತೂಲು ಹಿಡಿದು ಮರಳಿ ಬಂದು, ನನ್ನ ದೇಶ ಬಿಟ್ಟು ತೊಲಗಿ ಎಂದು ಕೂಗುತ್ತ ಗುಂಡು ಹಾರಿಸಿದ. ಒಬ್ಬರು ಸತ್ತರು, ಇನ್ನೊಬ್ಬರು ಗಾಯಗೊಂಡರು, ತಡೆಯಲು ಎದ್ದು ಹೋದ ಇಪ್ಪತ್ತನಾಲ್ಕು ವರ್ಷದ ಸ್ಥಳೀಯ ಹುಡುಗನಿಗೂ ಗುಂಡು ತಗುಲಿತು. ಸತ್ತವರ ವಯಸ್ಸು ಮೂವತ್ತೆರಡು. ಆಗ ಶ್ವೇತಭವನದ ವಕ್ತಾರರು, ಈ ಕೊಲೆಗೂ ಅಧ್ಯಕ್ಷರ ಮಾತುಗಳಿಗೂ ನಂಟು ಕಟ್ಟುವುದು ಅಸಂಬದ್ಧವೆಂದರು. ಅಧ್ಯಕ್ಷರು ಬಾಯಿ ತೆರೆದದ್ದು ಆರು ದಿನಗಳ ನಂತರ, ಸಂಸತ್ತಿನ ಭಾಷಣದಲ್ಲಿ. ಇನ್ನೊಂದು ಸಂಗತಿ ಹೊರಗೆ ಅಷ್ಟಾಗಿ ಗೊತ್ತಿಲ್ಲ. ಆಕೆಯ ವೀಸಾ ಸತ್ತವರ ವೀಸಾಕ್ಕೆ ಅಂಟಿಕೊಂಡಿದ್ದರಿಂದ, ಗಂಡನ ಅಂತ್ಯಕ್ರಿಯೆಗೆಂದು ಹೈದರಾಬಾದಿಗೆ ಹೋದ ಹೆಂಡತಿಗೆ ಅಮೆರಿಕದಲ್ಲಿದ್ದ ಮನೆಗೆ ಮರಳುವ ಹಕ್ಕೇ ಇಲ್ಲವಾಯಿತು. ಕಾನ್ಸಾಸಿನ ರಿಪಬ್ಲಿಕನ್ ಸಂಸದ ಕೆವಿನ್ ಯೋಡರ್ ಖುದ್ದಾಗಿ ಮುಂದೆ ನಿಂತು ಓಡಾಡಿದ್ದರಿಂದ ಆಕೆಗೆ ತಾತ್ಕಾಲಿಕ ಪರವಾನಗಿ ಸಿಕ್ಕಿತು. ಪಕ್ಷವನ್ನು ಬದಿಗಿಟ್ಟು ಒಬ್ಬ ಹೆಣ್ಣುಮಗಳ ಪರವಾಗಿ ನಿಂತ ಆ ಮನುಷ್ಯನನ್ನು ನಾನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಆ ಪಿಸ್ತೂಲಿನ ಬಗ್ಗೆ, ಅದು ಹೇಗೆ ಅಷ್ಟು ಸುಲಭವಾಗಿ ಅವನ ಕೈಯಲ್ಲಿತ್ತು ಎಂಬುದರ ಬಗ್ಗೆ, ಆ ವಾರ ಮಾತಾಡಿದವರನ್ನು ಸತ್ತವರ ಮೇಲೆ ರಾಜಕೀಯ ಮಾಡುವವರೆಂದು ಬೈಯಲಾಯಿತು. ಕೊಂದವನು ವಲಸಿಗನಾದರೆ ಕಾನೂನನ್ನು ಕೇಳಬೇಕು. ಕೊಂದವನು ಪ್ರಜೆಯಾಗಿದ್ದು ಕೈಯಲ್ಲಿ ಬಂದೂಕಿದ್ದರೆ ಮೌನವಾಗಿ ಪ್ರಾರ್ಥಿಸಬೇಕು. ಮೊದಲನೆಯ ಸೇರು ಒಂದು, ಎರಡನೆಯದು ಇನ್ನೊಂದು.

ಇದು ಒಂದೇ ಪಕ್ಷದ ದೋಷ ಎಂದು ನಾನು ಬಹಳ ದಿನ ನಂಬಿದ್ದೆ. ಆ ನಂಬಿಕೆಯನ್ನು ಕೆಡವಿದ್ದು ಸ್ಯಾನ್‌ಫ್ರಾನ್ಸಿಸ್ಕೊದ ಪ್ರಕರಣ. 2015ರ ಜುಲೈ 1ರ ಸಂಜೆ ಸಮುದ್ರದಂಚಿನ ಕಟ್ಟೆಯ ಮೇಲೆ ತಂದೆಯ ಜೊತೆ ನಡೆಯುತ್ತಿದ್ದ ಮೂವತ್ತೆರಡು ವರ್ಷದ ಹೆಣ್ಣುಮಗಳೊಬ್ಬಳ ಬೆನ್ನಿಗೆ ಗುಂಡೊಂದು ನಾಟಿತು. ನೆಲದ ಕಾಂಕ್ರೀಟಿಗೆ ಬಡಿದು ಚಿಮ್ಮಿ ಬಂದ ಗುಂಡು ಅದು. ಹಾರಿಸಿದವನು ಐದು ಸಲ ಗಡೀಪಾರಾಗಿಯೂ ಮರಳಿ ಬಂದಿದ್ದ ಮೆಕ್ಸಿಕೊದವನು. ಎರಡೂವರೆ ತಿಂಗಳ ಹಿಂದೆ ಅವನು ನಗರದ ಜೈಲಿನಲ್ಲೇ ಇದ್ದ. ಅವನನ್ನು ತಮಗೆ ಒಪ್ಪಿಸಬೇಕೆಂದು ಕೇಂದ್ರದ ವಲಸೆ ಇಲಾಖೆ ಕೇಳಿದ್ದರೂ, ವಲಸಿಗರನ್ನು ಹಿಡಿದುಕೊಡಲು ಕೇಂದ್ರಕ್ಕೆ ಸಹಕರಿಸದಿರುವ ನಗರದ 'ಆಶ್ರಯ' ನೀತಿಯ ಪ್ರಕಾರ, ಜೈಲು ನೋಡಿಕೊಳ್ಳುವ ಶೆರಿಫ್ ಎಂಬ ಸ್ಥಳೀಯ ಪೊಲೀಸ್ ಅಧಿಕಾರಿಯ ಇಲಾಖೆ ಬಿಟ್ಟು ಕಳಿಸಿತ್ತು. ಇನ್ನು ಆ ಪಿಸ್ತೂಲು ಬಂದದ್ದೆಲ್ಲಿಂದ? ನಾಲ್ಕು ದಿನ ಮೊದಲು, ಅದೇ ನಗರದ ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನಿಂದ ಕಳುವಾಗಿತ್ತು. ಕಾರು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ರೇಂಜರ್ ಒಬ್ಬರದು. ಪಿಸ್ತೂಲು ಚೀಲದೊಳಗೆ, ಚೀಲ ಕಾರಿನೊಳಗೆ.

ಒಂದು ಸಾವಿಗೆ ಎರಡು ಬೀಗಗಳು ತೆರೆದಿದ್ದವು, ಒಂದು ಜೈಲಿನದು, ಇನ್ನೊಂದು ಕಾರಿನದು. ರಿಪಬ್ಲಿಕನ್ ಪಕ್ಷ ಜೈಲಿನ ಬೀಗವನ್ನು ಮಾತ್ರ ಕಂಡು, ಆ ಹೆಣ್ಣುಮಗಳ ಹೆಸರಿನಲ್ಲೇ ವಲಸೆ ಮಸೂದೆ ಬರೆದು 2017ರಲ್ಲಿ ಕೆಳಮನೆಯಲ್ಲಿ ಅಂಗೀಕರಿಸಿತು. ಆ ಚರ್ಚೆಯಲ್ಲಿ ಕಾರಿನೊಳಗಿನ ಪಿಸ್ತೂಲಿಗೆ ಜಾಗವೇ ಇರಲಿಲ್ಲ. ಡೆಮಾಕ್ರಟಿಕ್ ಪಕ್ಷದವರಲ್ಲಿ ಹಲವರು ಕಾರಿನ ಬೀಗವನ್ನು ಮಾತ್ರ ಕಂಡು, ಜೈಲಿನಿಂದ ಬಿಟ್ಟದ್ದರ ಬಗ್ಗೆ ಕೇಳಿದವರನ್ನೆಲ್ಲ ವಲಸಿಗರ ದ್ವೇಷಿಗಳೆಂದರು. ಒಬ್ಬ ಅಪರಾಧಿಯ ಕಾರಣಕ್ಕೆ ಕೋಟ್ಯಂತರ ವಲಸಿಗರನ್ನು ಶಂಕಿಸಬೇಡಿ ಎನ್ನುವವರು, ಒಬ್ಬ ಕೊಲೆಗಾರನ ಕಾರಣಕ್ಕೆ ಕೋಟ್ಯಂತರ ಬಂದೂಕು ಮಾಲೀಕರನ್ನು ಶಂಕಿಸುತ್ತಾರೆ. ಒಬ್ಬ ಕೊಲೆಗಾರನ ಕಾರಣಕ್ಕೆ ಪ್ರಾಮಾಣಿಕ ಬಂದೂಕು ಮಾಲೀಕರ ಮೈಮೇಲೆ ಬೀಳಬೇಡಿ ಎನ್ನುವವರು, ಒಬ್ಬ ಅಪರಾಧಿಯ ಕಾರಣಕ್ಕೆ ಇಡೀ ವಲಸಿಗ ಸಮುದಾಯದ ಮೈಮೇಲೆ ಬೀಳುತ್ತಾರೆ. ಇಬ್ಬರೂ ಬಳಸುವುದು ಅಕ್ಷರಶಃ ಅದೇ ವಾಕ್ಯವನ್ನು.

ನಾನಿರುವ ಟೆಕ್ಸಾಸಿನ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆಲ್ಲೂ ಸಿಗುವುದು ಕಷ್ಟ. 2017ರ ಮೇ ತಿಂಗಳಲ್ಲಿ ಗವರ್ನರ್ ಗ್ರೆಗ್ ಆ್ಯಬಟ್ ಸೆನೆಟ್ ಬಿಲ್ 4 ಎಂಬ ಕಾಯಿದೆಗೆ ಸಹಿ ಹಾಕಿದರು. ಅದರ ಪ್ರಕಾರ ರಾಜ್ಯದ ಯಾವ ನಗರವೂ, ಯಾವ ಶೆರಿಫರೂ ಕೇಂದ್ರದ ವಲಸೆ ಕಾನೂನನ್ನು ಜಾರಿ ಮಾಡಲು ಸಹಕರಿಸುವುದಿಲ್ಲ ಎನ್ನುವಂತಿಲ್ಲ. ಹಾಗೆ ಹೇಳಿದರೆ ದಂಡ ಬೀಳುತ್ತದೆ, ಹುದ್ದೆಯಿಂದಲೇ ಕಿತ್ತುಹಾಕಬಹುದು. ನಾಲ್ಕು ವರ್ಷಗಳ ನಂತರ, 2021ರ ಜೂನ್ ತಿಂಗಳಲ್ಲಿ, ಅದೇ ಗವರ್ನರ್ ಅದೇ ಲೇಖನಿಯಿಂದ ಹೌಸ್ ಬಿಲ್ 2622ಕ್ಕೆ ಸಹಿ ಹಾಕಿ, ಟೆಕ್ಸಾಸನ್ನು ಬಂದೂಕಿನ ಹಕ್ಕಿನ ಆಶ್ರಯ ರಾಜ್ಯವೆಂದು ಸಾರಿದರು. ರಾಜ್ಯದ ಕಾನೂನಿನಲ್ಲಿಲ್ಲದ ಹೊಸ ಬಂದೂಕು ನಿಯಮವನ್ನು ಕೇಂದ್ರ ತಂದರೆ, ಅದರ ಜಾರಿಗೆ ರಾಜ್ಯದ ಪೊಲೀಸರಾಗಲಿ ನಗರಸಭೆಗಳಾಗಲಿ ಸಹಕರಿಸುವಂತಿಲ್ಲ. ಸಹಕರಿಸಿದರೆ ರಾಜ್ಯದ ಅನುದಾನ ನಿಲ್ಲುತ್ತದೆ. ಒಂದು ಕಾಯಿದೆಯಲ್ಲಿ ಕೇಂದ್ರಕ್ಕೆ ಸಹಕರಿಸದಿದ್ದುದು ತಪ್ಪು, ಇನ್ನೊಂದರಲ್ಲಿ ಸಹಕರಿಸಿದ್ದೇ ತಪ್ಪು. 'ಆಶ್ರಯ' ಎಂಬ ಪದವನ್ನೂ ಅವರು ಬೇರೆ ಹುಡುಕಿಕೊಳ್ಳಲಿಲ್ಲ.

ಇದರ ಹಿಂದಿನ ಕಾನೂನಿನ ಕತೆ ಇನ್ನೂ ಮನಮುಟ್ಟುವಂಥದ್ದು. 1993ರ ಬ್ರೇಡಿ ಕಾಯಿದೆ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಯನ್ನು ಕಡ್ಡಾಯ ಮಾಡಿದಾಗ, ಕೇಂದ್ರದ ಕಂಪ್ಯೂಟರ್ ವ್ಯವಸ್ಥೆ ಸಿದ್ಧವಾಗುವವರೆಗೆ ಆ ಕೆಲಸವನ್ನು ಊರೂರಿನ ಶೆರಿಫರ ಹೆಗಲಿಗೆ ಹಾಕಿತ್ತು. ಮೊಂಟಾನಾದ ಜೇ ಪ್ರಿಂಟ್ಜ್ ಎಂಬ ಶೆರಿಫ್ ಕೋರ್ಟಿಗೆ ಹೋದರು. 1997ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಕೇಂದ್ರ ಸರ್ಕಾರ ತನ್ನ ಕಾರ್ಯಕ್ರಮವನ್ನು ಜಾರಿ ಮಾಡಲು ರಾಜ್ಯದ ಅಧಿಕಾರಿಗಳನ್ನು ದುಡಿಸಿಕೊಳ್ಳುವಂತಿಲ್ಲ ಎಂದು ತೀರ್ಪಿತ್ತಿತು. ಬರೆದವರು ಸಂಪ್ರದಾಯವಾದಿ ನ್ಯಾಯಮೂರ್ತಿ ಆ್ಯಂಟನಿನ್ ಸ್ಕಲಿಯಾ; ಭಿನ್ನಮತ ಕೊಟ್ಟವರು ಉದಾರವಾದಿಗಳೆನಿಸಿಕೊಂಡ ನಾಲ್ವರು. ಬಂದೂಕಿನ ಪರ ಇದ್ದವರು ಅಂದು ಹಬ್ಬ ಮಾಡಿದರು. ಇಪ್ಪತ್ತು ವರ್ಷಗಳ ನಂತರ, 2017ರಲ್ಲಿ ಟ್ರಂಪ್ ಆಡಳಿತ ಆಶ್ರಯ ನಗರಗಳ ಅನುದಾನ ನಿಲ್ಲಿಸಲು ಹೊರಟಾಗ, ಆ ನಗರಗಳ ವಕೀಲರು ಕೋರ್ಟಿನ ಮುಂದಿಟ್ಟದ್ದು ಇದೇ ಪ್ರಿಂಟ್ಜ್ ತೀರ್ಪನ್ನು. ಈಗ ಹಬ್ಬ ಮಾಡುವವರು ಬೇರೆ, ಹಲ್ಲು ಕಡಿಯುವವರು ಬೇರೆ. ಕಾನೂನಿನ ಆ ಮಾತು ಮಾತ್ರ ಇದ್ದಲ್ಲೇ ಇದೆ. ನನಗೆ ಕೋರ್ಟುಗಳ ಮೇಲೆ ಇನ್ನೂ ಸ್ವಲ್ಪ ಭರವಸೆ ಉಳಿದಿರುವುದು ಇಂಥ ಕಾರಣಕ್ಕೆ. ಇನ್ನೂ ಹಿಂದಕ್ಕೆ ಹೋದರೆ, ರಾಜ್ಯಗಳ ಹಕ್ಕು ಎಂದು ಸದಾ ಕೂಗುತ್ತಿದ್ದ ದಕ್ಷಿಣದ ಗುಲಾಮ ಮಾಲೀಕರು, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳು ಒಪ್ಪದಿದ್ದಾಗ ಕೇಂದ್ರದ ಬಲವನ್ನೇ ಬೇಡಿ 1850ರ ಕಾಯಿದೆಯನ್ನು ತಂದರು. ಈ ಇಬ್ಬಂದಿತನ ಈ ನೆಲದಲ್ಲಿ ಇಂದು ಹುಟ್ಟಿದ್ದಲ್ಲ.

ಡೆಮಾಕ್ರಟಿಕ್ ಪಕ್ಷದ ಕಡೆ ನನ್ನ ಮನಸ್ಸು ಸಹಜವಾಗಿ ವಾಲುವುದರಿಂದ, ಅವರ ಲೆಕ್ಕವನ್ನೂ ನಾನೇ ಬರೆಯಬೇಕು. 2016ರ ಜೂನ್ ತಿಂಗಳಲ್ಲಿ ಒರ್ಲ್ಯಾಂಡೊದ ನೈಟ್‌ಕ್ಲಬ್ಬಿನಲ್ಲಿ 49 ಜನರ ಹತ್ಯೆಯಾದ ನಂತರ ಆ ಪಕ್ಷದ ಸಂಸದರು, ನಾಗರಿಕ ಹಕ್ಕುಗಳ ಹೋರಾಟದ ಹಿರಿಯ ಜಾನ್ ಲೂಯಿಸ್ ಅವರ ನೇತೃತ್ವದಲ್ಲಿ, ಕೆಳಮನೆಯ ನೆಲದ ಮೇಲೆ ಕುಳಿತು ಧರಣಿ ಮಾಡಿದರು. ಅವರ ಬೇಡಿಕೆಗಳಲ್ಲಿ ಒಂದು, ವಿಮಾನ ಹತ್ತಬಾರದವರ ಸರ್ಕಾರಿ ಪಟ್ಟಿಯಲ್ಲಿ ಹೆಸರಿರುವವರಿಗೆ ಬಂದೂಕು ಮಾರಬಾರದು ಎಂಬುದು. ಕೇಳಲು ಚೆನ್ನಾಗಿದೆ. ಆದರೆ ಆ ಪಟ್ಟಿ ಎಂಥದ್ದು? ವಿಚಾರಣೆಯಿಲ್ಲದೆ, ಆರೋಪಪಟ್ಟಿಯಿಲ್ಲದೆ, ಗುಟ್ಟಾಗಿ ಹೆಸರು ಸೇರಿಸುವ ಪಟ್ಟಿ. ಹೆಸರು ಏಕೆ ಸೇರಿತು ಎಂದು ತಿಳಿಯಲು ಅಮೆರಿಕದ ಮುಸ್ಲಿಂ ಪ್ರಜೆಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಬೇಕಾದ ಪಟ್ಟಿ. ವಲಸಿಗನೊಬ್ಬನನ್ನು ನ್ಯಾಯಯುತ ವಿಚಾರಣೆಯಿಲ್ಲದೆ ವಿಮಾನ ಹತ್ತಿಸಿದರೆ ಸಂವಿಧಾನವನ್ನು ಎತ್ತಿ ತೋರಿಸುವ ಪಕ್ಷ, ಬಂದೂಕಿನ ವಿಷಯ ಬಂದಾಗ ಆ ಪಟ್ಟಿಯನ್ನೇ ಪ್ರಮಾಣವೆಂದು ಒಪ್ಪಿಕೊಂಡಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು ಇದನ್ನು ವಿರೋಧಿಸಿದಾಗ ಆ ಪಕ್ಷದ ನಾಯಕರು ಕಿವಿಗೊಡಲಿಲ್ಲ. ಒಬಾಮ ಅವರ ಕಾಲದಲ್ಲಿ, 2012ರ ಒಂದೇ ಹಣಕಾಸು ವರ್ಷದಲ್ಲಿ, 4 ಲಕ್ಷಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದಾಗಲೂ ಇಂದು ಬೀದಿಯಲ್ಲಿರುವ ದನಿಗಳಲ್ಲಿ ಎಷ್ಟೋ ಮೌನವಾಗಿದ್ದವು.

ಬಂದೂಕಿನ ಹಕ್ಕಿನ ಕಡೆಯವರು ಅದನ್ನು ಸರ್ಕಾರ ಕೊಟ್ಟದ್ದಲ್ಲ, ದೇವರು ಕೊಟ್ಟದ್ದು ಎನ್ನುತ್ತಾರೆ. ಆದರೆ ದೇವರು ಕೊಟ್ಟದ್ದು ಯಾರಿಗೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಅವರ ದನಿ ಕುಗ್ಗಿದೆ. 1967ರ ಮೇ ತಿಂಗಳಲ್ಲಿ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಕಪ್ಪು ಯುವಕರು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಬಂದದ್ದೇ ತಡ, ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಹಿಡಿದು ಓಡಾಡುವುದನ್ನು ನಿಷೇಧಿಸುವ ಮಲ್ಫರ್ಡ್ ಕಾಯಿದೆ ಬಂತು. ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್, ಬೆಂಬಲಿಸಿದವರು ಬಂದೂಕು ಮಾಲೀಕರ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನವರು. 2024ರ ಮಾರ್ಚ್ ತಿಂಗಳಲ್ಲಿ ಷಿಕಾಗೊದ ಕೇಂದ್ರ ನ್ಯಾಯಾಧೀಶರೊಬ್ಬರು, ದಾಖಲೆಯಿಲ್ಲದ ವಲಸಿಗನೊಬ್ಬನ ಮೇಲಿದ್ದ ಬಂದೂಕು ಹೊಂದಿದ ಆರೋಪವನ್ನು ಬಂದೂಕಿನ ಹಕ್ಕನ್ನು ಕಾಯುವ ಸಂವಿಧಾನದ ಎರಡನೇ ತಿದ್ದುಪಡಿಯ ಆಧಾರದ ಮೇಲೆಯೇ ರದ್ದು ಮಾಡಿದಾಗ, ಆ ತಿದ್ದುಪಡಿಗೆ ಒಂದು ಮಿತಿಯನ್ನೂ ಒಪ್ಪದ ಎಷ್ಟೋ ಮಂದಿ ಕೆರಳಿದರು. ಹಕ್ಕು ದೇವರದ್ದಾಗಿದ್ದರೆ ಅದಕ್ಕೆ ಪಾಸ್‌ಪೋರ್ಟಿನ ಬಣ್ಣ ಏಕೆ ಬೇಕು ಎಂಬುದಕ್ಕೆ ಯಾರಿಂದಲೂ ನನಗೆ ಉತ್ತರ ಸಿಕ್ಕಿಲ್ಲ.

ಇದೆಲ್ಲ ನನಗೆ ಓದಿನಿಂದ ಮಾತ್ರ ಬಂದ ತಿಳಿವಳಿಕೆಯಲ್ಲ. ಹೋದ ವರ್ಷ ಗ್ರೀನ್ ಕಾರ್ಡ್ ಬಂದ ಗೆಳೆಯರೊಬ್ಬರು ಪಿಸ್ತೂಲು ಕೊಳ್ಳಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಅವರು 4473 ಸಂಖ್ಯೆಯ ಫಾರಂ ತುಂಬಿದರು. ಅಂಗಡಿಯವರು ತಪಾಸಣೆಗೆ ವಿವರ ಕಳಿಸಿದರು. ನಾವು ಗಾಜಿನ ಪೆಟ್ಟಿಗೆಯೊಳಗಿನ ಪಿಸ್ತೂಲುಗಳನ್ನು ನೋಡುತ್ತ ನಿಂತಿರುವಷ್ಟರಲ್ಲೇ ಒಪ್ಪಿಗೆ ಬಂತು. ನನ್ನಂಥ ತಾತ್ಕಾಲಿಕ ವೀಸಾದವರಿಗೆ ಕಾನೂನಿನಂತೆ ಬಂದೂಕು ನಿಷಿದ್ಧ. ಆದರೆ ಕೌಂಟರಿನ ಹಿಂದಿದ್ದ ಹಿರಿಯರು ನನ್ನತ್ತ ತಿರುಗಿ, ಬೇಟೆಯ ಲೈಸೆನ್ಸ್ ಮಾಡಿಸಿಕೊಂಡರೆ ನಿಮಗೂ ಕೊಡಬಹುದು ಎಂದು ಬಹಳ ಸೌಜನ್ಯದಿಂದ ಹೇಳಿದರು. ಅದು ನಿಜ, ಕೇಂದ್ರದ ಕಾನೂನಿನಲ್ಲೇ ಆ ವಿನಾಯಿತಿ ಇದೆ. ಭಾರತದಲ್ಲಿ ಹುಟ್ಟಿದವನೆಂಬ ಕಾರಣಕ್ಕೆ, ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಇಲ್ಲ ಎಂಬ ಮಿತಿಯಿಂದಾಗಿ, ನನ್ನ ಸರದಿ ಯಾವಾಗ ಎಂದು ಕಾಯುತ್ತಿರುವ ನನಗೆ ಅಂದು ಮಾತೇ ಹೊರಡಲಿಲ್ಲ.

ಆ ಪಿಸ್ತೂಲು ಯಾರ ಬಳಿ ಇದೆಯೆಂಬ ಕೇಂದ್ರ ನೋಂದಣಿ ಇಲ್ಲ. 1986ರ ಕಾಯಿದೆ ಅಂಥ ನೋಂದಣಿಯನ್ನೇ ನಿಷೇಧಿಸಿದೆ. ತಪಾಸಣೆಯಲ್ಲಿ ಒಪ್ಪಿಗೆ ಸಿಕ್ಕವರ ವಿವರವನ್ನು 24 ಗಂಟೆಯೊಳಗೆ ಅಳಿಸಿಹಾಕಬೇಕು. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಸರ್ಕಾರದ ಬಂದೂಕು ಪತ್ತೆ ಕಚೇರಿಗೆ, ಮುಚ್ಚಿಹೋದ ಬಂದೂಕಿನ ಅಂಗಡಿಗಳ ಲೆಕ್ಕಪುಸ್ತಕಗಳು ಪೆಟ್ಟಿಗೆಗಟ್ಟಲೆ ಬಂದು ಬೀಳುತ್ತವೆ. ಅವನ್ನು ಸ್ಕ್ಯಾನ್ ಮಾಡಿದರೂ ಕೊಂಡವನ ಹೆಸರಿನಿಂದ ಹುಡುಕುವಂತಿಲ್ಲ, ಸಿಬ್ಬಂದಿ ಪುಟಪುಟವಾಗಿ ಕಣ್ಣಿನಿಂದಲೇ ನೋಡಬೇಕು. ಪಟ್ಟಿ ಮಾಡುವ ಸರ್ಕಾರ ನಾಳೆ ಕಿತ್ತುಕೊಳ್ಳಲು ಬರುತ್ತದೆ ಎಂಬ ಭಯ ಇದರ ಹಿಂದಿದೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ನಾನೇ ಒಂದು ಪಟ್ಟಿಯಲ್ಲಿದ್ದೇನೆ. ಮನೆ ಬದಲಿಸಿದರೆ ಹತ್ತು ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ಹದಿನೆಂಟು ದಾಟಿದ ಪ್ರತಿಯೊಬ್ಬ ವಿದೇಶಿಯೂ ನೋಂದಣಿಯ ಪುರಾವೆಯನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕು. ಇದು ದಶಕಗಳ ಹಳೆಯ ಕಾನೂನು. 2025ರ ಏಪ್ರಿಲ್‌ನಿಂದ ಬಿಗಿಯಾಗಿ ಜಾರಿ ಮಾಡುವುದಾಗಿ ಸರ್ಕಾರ ಹೇಳಿದೆ. ಅಂದಿನಿಂದ ನನ್ನ ಪರ್ಸಿನಲ್ಲಿ, ಡ್ರೈವಿಂಗ್ ಲೈಸೆನ್ಸಿನ ಹಿಂದೆ, ದೇಶದೊಳಗೆ ಬಂದದ್ದರ ದಾಖಲೆಯಾದ ಐ-94 ಎಂಬ ಹಾಳೆ ನಾಲ್ಕು ಮಡಿಕೆಯಾಗಿ ಕುಳಿತಿದೆ.

ನಮ್ಮವರ ಬಗ್ಗೆಯೂ ಹೇಳಿಬಿಡುತ್ತೇನೆ. ಡಲ್ಲಾಸಿನ ಆ ಕೊಲೆಯಾದ ವಾರ ಗೆಳೆಯರ ಮನೆಯಲ್ಲಿ ಸೇರಿದ್ದಾಗ, ನಾವು ಕಾನೂನುಬದ್ಧವಾಗಿ ಸಾಲಿನಲ್ಲಿ ನಿಂತು ಬಂದವರು, ಹಾಗೆ ನುಸುಳಿ ಬಂದವರನ್ನೆಲ್ಲ ಹೊರಗೆ ಹಾಕಲಿ ಎಂದು ಒಬ್ಬರು ಹೇಳಿದರು. ಬಹಳ ಜನ ತಲೆದೂಗಿದರು. ಹತ್ತೇ ದಿನಕ್ಕೆ, ಹೊಸ ಎಚ್‌-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಆದೇಶ ಹೊರಬಿದ್ದಾಗ ಅದೇ ಮಂದಿ, ಇದು ಅನ್ಯಾಯ, ವಲಸಿಗರಿಲ್ಲದೆ ಈ ದೇಶ ನಡೆಯುವುದಿಲ್ಲ ಎಂದರು. ಆ ಎರಡೂ ದಿನ ನಾನು ಅಲ್ಲೇ ಕುಳಿತಿದ್ದೆ. ಎರಡೂ ದಿನ ತುಟಿ ಬಿಚ್ಚಲಿಲ್ಲ. ಈ ಬರಹ ಬರೆಯಲು ಕೂತದ್ದಕ್ಕೆ ಅದೂ ಒಂದು ಕಾರಣ.

ಕಳೆದ ತಿಂಗಳು ನಾವು ಮನೆ ಬದಲಿಸಿದೆವು. ಪಕ್ಕದ ಮನೆಯ ಹಿರಿಯರು ಅಂದೇ ಸಂಜೆ ಬಂದು ಪರಿಚಯ ಮಾಡಿಕೊಂಡರು. ಭಾರವಾದ ಸೋಫಾಕ್ಕೆ ಕೈಕೊಟ್ಟರು. ನೀರಿನ ಮುಖ್ಯ ನಲ್ಲಿ ಎಲ್ಲಿದೆ ಎಂದು ತೋರಿಸಿದರು. ಮಾತಿನ ನಡುವೆ ತಮ್ಮ ಮನೆಯಲ್ಲಿ ಬಂದೂಕುಗಳಿವೆಯೆಂದೂ, ಎಷ್ಟಿವೆ ಎಂಬುದು ತಮಗೆ ಮತ್ತು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲವೆಂದೂ, ಗೊತ್ತಿರಬೇಕಾದ ಅಗತ್ಯ ಸರ್ಕಾರಕ್ಕಿಲ್ಲವೆಂದೂ ಹೇಳಿದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಸರ್ಕಾರಕ್ಕೆ ಹೊಸ ವಿಳಾಸ ತಿಳಿಸುತ್ತಿದ್ದೇನೆ, ನನ್ನದೊಂದು ಫಾರಂ, ಹೆಂಡತಿಯದೊಂದು ಎಂದೆ. ಅದೆಲ್ಲ ಸುರಕ್ಷತೆಗಾಗಿ ತಾನೇ ಎಂದರು, ಯಾವ ಕಹಿಯೂ ಇಲ್ಲದೆ. ನಾನು ವಾದ ಮಾಡಲಿಲ್ಲ. ಪರ್ಸಿನಿಂದ ಆ ಹಾಳೆಯನ್ನು ತೆಗೆದು ಅವರ ಕೈಗೆ ಕೊಟ್ಟು, ಇದನ್ನು ತರಕಾರಿ ತರಲು ಹೋಗುವಾಗಲೂ ಇಟ್ಟುಕೊಂಡಿರಬೇಕು ಎಂದೆ. ಅವರು ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ದೀಪದ ಕೆಳಗೆ ಸರಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ನಿಮ್ಮ ಹೆಂಡತಿಯೂ ಇಟ್ಟುಕೊಂಡಿರಬೇಕೇ ಎಂದು ಕೇಳಿದರು. ಹೌದು ಎಂದೆ. ಹಾಳೆಯನ್ನು ಮೊದಲಿದ್ದ ಮಡಿಕೆಗಳಲ್ಲೇ ನಿಧಾನವಾಗಿ ಮಡಿಸಿ ನನ್ನ ಕೈಗೆ ಕೊಟ್ಟರು.